ಎರಡು ಕಾಲಂ ನಡುವೆ ಕಳೆದುಹೋದ ನಮ್ಮ ಹುಡುಗಿ

ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ಫೆಬ್ರವರಿ 11 ಅಂದ್ರೆ ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ಅಂತರರಾಷ್ಟ್ರೀಯ ದಿನ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಈ ಎರಡು ತಾರೀಖಿನ ನಡುವೆ ನನ್ನ ಫೋನಿನ ತುಂಬ ಪೋಸ್ಟರ್‌ಗಳು. ಪ್ರತಿ ವರ್ಷವೂ ಅವೇ ನಾಲ್ಕೈದು ಮುಖಗಳು. ಅವುಗಳಲ್ಲಿ ಮೊದಲನೇದು ಕಮಲಾ ಸೊಹೋನಿ ಅವರದು.

ಅವರ ಕಥೆ ನಿಮಗೂ ಗೊತ್ತು. 1933ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಅರ್ಜಿ ಹಾಕಿದರು. ಆಗ ಅವರು ಕಮಲಾ ಭಾಗವತ್. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೀಟು ಕೊಡಲಿಲ್ಲ. ಈಕೆ ಪಟ್ಟು ಬಿಡಲಿಲ್ಲ, ಸತ್ಯಾಗ್ರಹ ಮಾಡ್ತೀನಿ ಅಂದರು. ಕೊನೆಗೆ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಅವರು ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ದೊಡ್ಡ ಹೆಣ್ಣುಮಗಳು, ಅದರಲ್ಲಿ ಎರಡು ಮಾತಿಲ್ಲ. (ಆಕೆಗೆ ಬಾಗಿಲು ಹಾಕಿದವರ ಹೆಸರಲ್ಲೇ ಫೆಬ್ರವರಿ 28 ಆಚರಿಸ್ತೀವಿ, 2020ರಲ್ಲಿ ಅದೇ ದಿನಕ್ಕೆ ‘ವಿಜ್ಞಾನದಲ್ಲಿ ಮಹಿಳೆಯರು’ ಅಂತ ವಿಷಯ ಇಟ್ಟಿದ್ದರು. ಇರಲಿ.)

ಈಗ ಅದೇ ವರ್ಷಗಳ ಇನ್ನೊಬ್ಬ ಹುಡುಗಿಯ ಕಥೆ ಕೇಳಿ. ಕೊಚ್ಚಿ ಹತ್ತಿರದ ಮುಳವುಕಾಡ್ ದ್ವೀಪದವರು, ಪುಲಯ ಜಾತಿ. ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಆ ತರಗತಿಗೆ ಅವರೊಬ್ಬರೇ ಹುಡುಗಿ. ಪ್ರಯೋಗ ತೋರಿಸಬೇಕಾದ ಮೇಲ್ಜಾತಿ ಮೇಷ್ಟ್ರು ಅವರಿಗೆ ತೋರಿಸಲಿಲ್ಲ. ದೂರದಲ್ಲಿ ನಿಂತು ನೋಡ್ಕೊಂಡು ಕಲಿತರು. ಕೆಮಿಸ್ಟ್ರಿ ಅನ್ನೋದು ಅಳೆದು, ಸುರಿದು, ಕಾಯಿಸಿ, ಕೈಯಾರೆ ಕಲಿಯೋ ವಿದ್ಯೆ. ಅದನ್ನ ದೂರದಿಂದ ನೋಡಿ ಕಲಿತು ಒಳ್ಳೇ ಅಂಕ ತಗೊಂಡು 1935ರಲ್ಲಿ ಪದವಿ ಮುಗಿಸಿದರು. ಭಾರತದ ಮೊದಲ ದಲಿತ ಮಹಿಳಾ ಪದವೀಧರೆ ಅವರೇ. ಹೆಸರು ದಾಕ್ಷಾಯಣಿ ವೇಲಾಯುಧನ್.

ನಮ್ಮವರಿಗೆ ಈ ಹೆಸರು ಗೊತ್ತಿದೆ. ಸಂವಿಧಾನ ರಚನಾ ಸಭೆಯಲ್ಲಿದ್ದ ಏಕೈಕ ದಲಿತ ಮಹಿಳೆ ಅಂತ ನಾವೇ ನವೆಂಬರ್ 26ಕ್ಕೆ ಫೋಟೋ ಹಾಕ್ತೀವಿ. ಬಾಬಾಸಾಹೇಬರ ಜೊತೆ ಅವರಿಗಿದ್ದ ಭಿನ್ನಾಭಿಪ್ರಾಯದ ಬಗ್ಗೆ ಜಗಳವನ್ನೂ ಆಡ್ತೀವಿ. ಆದರೆ ಅವರು ಕೆಮಿಸ್ಟ್ರಿ ಓದಿದವರು ಅಂತ ಎಷ್ಟು ಜನಕ್ಕೆ ಗೊತ್ತು? ಫೆಬ್ರವರಿ 11ರ ಒಂದು ಪೋಸ್ಟರ್‌ನಲ್ಲಿ ಅವರ ಮುಖ ನೋಡಿದ್ದೀರಾ? ನಾನಂತೂ ನೋಡಿಲ್ಲ. ಕಮಲಾ ಕೇಂಬ್ರಿಜ್‌ಗೆ ಹೋದರು. ದಾಕ್ಷಾಯಣಿ ಸರ್ಕಾರಿ ಹೈಸ್ಕೂಲಿನ ಟೀಚರಾದರು. ಇಬ್ಬರ ಬುದ್ಧಿಯಲ್ಲಿ ಯಾರದು ಹೆಚ್ಚು ಅಂತ ತೂಗಕ್ಕೆ ನನ್ನ ಹತ್ತಿರ ತಕ್ಕಡಿ ಇಲ್ಲ. ನಿಮ್ಮ ಹತ್ತಿರವೂ ಇಲ್ಲ. ಒಬ್ಬರಿಗೆ ಪ್ರಯೋಗಶಾಲೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ, ಅಷ್ಟು ಮಾತ್ರ ಗೊತ್ತು.

ಇದು ಯಾರ ಕಷ್ಟ ದೊಡ್ಡದು ಅನ್ನೋ ಪಂದ್ಯ ಅಲ್ಲ. ಕಮಲಾ ಅವರ ಅಪ್ಪ, ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರಜ್ಞರು, ಇಬ್ಬರೂ ಅದೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿದವರು. ಅಂದ್ರೆ ಆ ಮನೆಯವರಿಗೆ ಗೇಟಿನವರೆಗಿನ ದಾರಿ ಗೊತ್ತಿತ್ತು. ಮುಚ್ಚಿದ್ದು ಬಾಗಿಲು ಮಾತ್ರ. ನಮ್ಮ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಕರೆಯೋ ರಾಜೇಶ್ವರಿ ಚಟರ್ಜಿ ಅವರನ್ನೇ ನೋಡಿ. ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದ ದೊಡ್ಡ ವಿದ್ವಾಂಸೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಅಜ್ಜಿಯೇ ಪದವೀಧರೆ! ನನ್ನ ಅಜ್ಜಿಗೆ ಹೆಬ್ಬೆಟ್ಟು ಒತ್ತೋದಕ್ಕೂ ಯಾರೂ ಕರೆದಿರಲಿಲ್ಲ, ಒತ್ತೋದಕ್ಕೆ ಅವಳ ಹೆಸರಲ್ಲಿ ಏನಾದರೂ ಇರಬೇಕಲ್ಲ.

ಹೆಣ್ಣು ಅಂದ ತಕ್ಷಣ ಇಬ್ಬರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ‘ನಾವೆಲ್ಲ ಒಂದೇ’ ಅಂತಾರಲ್ಲ, ಆ ಮಾತಿನ ಮೇಲೆ ನನ್ನ ತಕರಾರು.

ಇನ್ನು ಅಂಕಿ ಅಂಶ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ 2021-22ರ ಪ್ರಕಾರ ವಿಜ್ಞಾನ ವಿಭಾಗದಲ್ಲಿ ಓದ್ತಿರೋರು 57.2 ಲಕ್ಷ. ಅದರಲ್ಲಿ ಹೆಣ್ಣುಮಕ್ಕಳು 29.8 ಲಕ್ಷ. ಅರ್ಧಕ್ಕಿಂತ ಹೆಚ್ಚು! ಭಾಷಣಕ್ಕೆ ಒಳ್ಳೇ ಅಂಕಿ. ಆದರೆ 2018ರ ಸರ್ಕಾರಿ ಲೆಕ್ಕದಲ್ಲೇ ದೇಶದ ಸಂಶೋಧಕರಲ್ಲಿ ಮಹಿಳೆಯರು ಶೇ. 16.6. ಅಷ್ಟು ಜನ ಓದಿ ಇಷ್ಟೇ ಜನ ಕೆಲಸದಲ್ಲಿದ್ದಾರೆ ಅಂದ್ರೆ ಉಳಿದವರು ಎಲ್ಲಿ ಹೋದ್ರು? ಸೆಮಿನಾರುಗಳಲ್ಲಿ ಇದಕ್ಕೊಂದು ಹೆಸರಿಟ್ಟಿದ್ದಾರೆ, ಪೈಪು ಸೋರ್ತಾ ಇದೆ ಅಂತ. ಮದುವೆ ಹತ್ತಿರ ಸ್ವಲ್ಪ ಸೋರುತ್ತೆ, ಹೆರಿಗೆ ಹತ್ತಿರ ಸ್ವಲ್ಪ, ಗಂಡನ ವರ್ಗಾವಣೆ ಹತ್ತಿರ ಸ್ವಲ್ಪ. ನಿಜ, ಸೋರುತ್ತೆ. ಆದರೆ ತಾಯಂದಿರೇ, ನಮ್ಮ ಕೇರಿಗೆ ಪೈಪೇ ಹಾಕಿಲ್ವಲ್ಲ!

ಪೈಪು ಎಲ್ಲಿ ನಿಂತುಹೋಗಿದೆ ಅಂತ ತೋರಿಸ್ತೀನಿ. ಪಿಯುಸಿ ಹತ್ತಿರ. ನಾನು ಬಿಎ ಮಾಡಿದ್ದು ಇತಿಹಾಸದ ಮೇಲಿನ ಪ್ರೀತಿಗಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಹೆಚ್ಚು ಅಂಕ ಬಂದಿದ್ದೇ ವಿಜ್ಞಾನಕ್ಕೆ. ಹೋಬಳಿಯಲ್ಲಿದ್ದ ಸರ್ಕಾರಿ ಜೂನಿಯರ್ ಕಾಲೇಜಲ್ಲಿ ಇದ್ದಿದ್ದು ಆರ್ಟ್ಸ್ ಮಾತ್ರ. ಸೈನ್ಸ್ ಬೇಕಂದ್ರೆ ತಾಲ್ಲೂಕಿಗೆ ಹೋಗಬೇಕು. ಅಲ್ಲಿ ಪ್ರಾಕ್ಟಿಕಲ್ ಮುಗಿಯೋದು ಸಾಯಂಕಾಲ ಐದಕ್ಕೆ, ನಮ್ಮೂರ ಕಡೆಯ ಕೊನೇ ಬಸ್ಸು ನಾಲ್ಕೂವರೆಗೆ. ಅಪ್ಪ ಒಂದೇ ಮಾತು ಕೇಳಿದರು, ‘ಕತ್ತಲಾದ ಮೇಲೆ ಹೆಂಗ್ ಬತ್ತೀಯವ್ವ?’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೆ ಮುಗೀತು. ನನ್ನ ವಿಜ್ಞಾನಕ್ಕೆ ಅಡ್ಡ ಬಂದಿದ್ದು ಗಣಿತ ಅಲ್ಲ, ಕೆಎಸ್ಸಾರ್ಟಿಸಿ ವೇಳಾಪಟ್ಟಿ.

ಇದು ಮೂವತ್ತು ವರ್ಷದ ಹಿಂದಿನ ಮಾತು, ಈಗ ಎಲ್ಲ ಬದಲಾಗಿದೆ ಅನ್ನೋರಿಗೆ: ಬನ್ನಿ, ಒಂದಿನ ನಮ್ಮ ಕಡೆ ಸುತ್ತಾಡೋಣ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ದುಡ್ಡು ಉಳಿದಿದೆ, ಸಂತೋಷ. ಬಸ್ಸು ಬರಬೇಕಲ್ಲ. ಮೊರಾರ್ಜಿ ದೇಸಾಯಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳು ಒಳ್ಳೇ ಅಂಕ ತರ್ತಿದ್ದಾರೆ, ಅದೂ ನಿಜ. ಆದರೆ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಪಿಯುಸಿ ಸೈನ್ಸ್ ಪೂರ್ತಿ ಇಂಗ್ಲಿಷಲ್ಲಿ. ಜೂನ್‌ನಲ್ಲಿ ‘ವೇಗೋತ್ಕರ್ಷ’ ಅನ್ನೋದು ‘ಆಕ್ಸಲರೇಷನ್’ ಆಗಿಬಿಡುತ್ತೆ, ಆಗಸ್ಟ್‌ನಷ್ಟೊತ್ತಿಗೆ ಹುಡುಗಿ ‘ನಂಗೆ ತಲೆಗೆ ಹತ್ತಲ್ಲ’ ಅಂತ ಆರ್ಟ್ಸಿಗೆ ಬದಲಾಯಿಸಿಕೊಂಡಿರ್ತಾಳೆ. ಪಕ್ಕದ ಖಾಸಗಿ ಕಾಲೇಜಿನಲ್ಲಿ ಸಿಇಟಿ, ನೀಟ್ ಕೋಚಿಂಗ್ ಸೇರಿಸಿ ಪ್ಯಾಕೇಜು, ಲಕ್ಷಗಟ್ಟಲೆ. ಕೂಲಿ ಮಾಡೋ ಮನೆಯಲ್ಲಿ ಅಷ್ಟು ದುಡ್ಡು ಅಪ್ಪಿತಪ್ಪಿ ಹುಟ್ಟಿದ್ರೂ ಅದು ಹೋಗೋದು ಮಗನಿಗೆ. ಆ ಹುಡುಗಿಯನ್ನ ಸೆಮಿನಾರಿನವರು ಯಾವತ್ತೂ ‘ಸೋರಿಹೋದವಳು’ ಅಂತ ಎಣಿಸಲ್ಲ. ಒಳಗೆ ಬಂದಿದ್ರೆ ತಾನೇ ಸೋರೋದು.

ಮಹಿಳಾ ವಿಜ್ಞಾನಿಗಳಿಗೆ ಅಂತ ಕೇಂದ್ರ ಸರ್ಕಾರ ಮಾಡಿದ ಯೋಜನೆಗಳನ್ನೇ ನೋಡಿ. ಮಕ್ಕಳಾಗಿ ಕೆಲಸ ಬಿಟ್ಟವರು ಮತ್ತೆ ಸಂಶೋಧನೆಗೆ ವಾಪಸ್ ಬರಲಿ ಅಂತ ಒಂದು ಫೆಲೋಶಿಪ್. ಬೇಕು, ಖಂಡಿತ ಬೇಕು. ಆದರೆ ಮಧ್ಯದಲ್ಲಿ ನಿಲ್ಲಿಸೋಕೆ ಮೊದಲು ಶುರುವಾಗಿರಬೇಕಲ್ವಾ? ಆಮೇಲೆ ಸಂಶೋಧನಾ ಅನುದಾನ. ಮಹಿಳೆಯರಿಗೆ ‘ಪವರ್’ ಅಂತ ಒಂದು ಯೋಜನೆ, ಎಸ್‌ಸಿ-ಎಸ್‌ಟಿಗಳಿಗೆ ಇನ್ನೊಂದು. ಎರಡು ಡಬ್ಬಿ. ಹೆಣ್ಣಿನ ಡಬ್ಬಿಯಲ್ಲಿ ಯಾರು ತುಂಬಿರ್ತಾರೆ, ಎಸ್‌ಸಿ ಡಬ್ಬಿಯಲ್ಲಿ ಯಾರು ತುಂಬಿರ್ತಾರೆ, ಊಹಿಸೋಕೆ ಪಿಎಚ್.ಡಿ. ಬೇಕಾಗಿಲ್ಲ.

ಇಲ್ಲಿ ನನ್ನ ಗುಮಾಸ್ತಗಿರಿಯ ಅನುಭವ ಹೇಳ್ಬೇಕು. ನನ್ನ ಕೆಲಸ ಫೈಲು, ವಹಿ, ತಃಖ್ತೆ. ಮೇಲಿನಿಂದ ನಮೂನೆ ಬರುತ್ತೆ, ಕಾಲಂ ತುಂಬಿ ಕಳಿಸಬೇಕು. ಇಷ್ಟು ವರ್ಷದಲ್ಲಿ ನಾನು ಕಲಿತಿದ್ದು ಏನಂದ್ರೆ, ನಮೂನೆಯಲ್ಲಿ ಯಾವುದಕ್ಕೆ ಕಾಲಂ ಇಲ್ಲವೋ ಅದು ಸರ್ಕಾರದ ಕಣ್ಣಲ್ಲಿ ಇಲ್ಲ. ವಿಜ್ಞಾನ ಸಂಸ್ಥೆಗಳು ಹೊಗಳಿಕೊಂಡು ಹೊರಡಿಸೋ ಕಾಗದಗಳಲ್ಲಿ ‘ಮಹಿಳೆಯರು ಶೇಕಡಾ ಇಷ್ಟು’ ಅಂತ ಒಂದು ಸಾಲು ಇರುತ್ತೆ. ಬಲವಂತ ಮಾಡಿ ಕೇಳಿದರೆ ‘ಪರಿಶಿಷ್ಟ ಜಾತಿ, ಪಂಗಡ ಶೇಕಡಾ ಇಷ್ಟು’ ಅಂತ ಇನ್ನೊಂದು ಸಾಲು ಬರುತ್ತೆ. ಎರಡರಲ್ಲೂ ಇರಬೇಕಾದವಳು ಎಲ್ಲಿದ್ದಾಳೆ? ಮೊದಲನೇ ಸಾಲನ್ನ ಮೇಲ್ಜಾತಿ ಹೆಣ್ಣುಮಕ್ಕಳು ತುಂಬಬಹುದು, ಎರಡನೇದನ್ನ ನಮ್ಮ ಗಂಡಸರು ತುಂಬಬಹುದು. ಎರಡೂ ಸಾಲು ಚೆನ್ನಾಗಿ ಕಾಣುತ್ತೆ, ನಮ್ಮ ಹುಡುಗಿ ಸೊನ್ನೆ ಇದ್ದರೂ ಯಾರಿಗೂ ಗೊತ್ತಾಗಲ್ಲ.

ಇದು ಮಾಡಕ್ಕಾಗದ ಲೆಕ್ಕ ಅಂತ ದಯವಿಟ್ಟು ಯಾರೂ ಹೇಳಬೇಡಿ. ಕರ್ನಾಟಕ ಸರ್ಕಾರದ ನೇರ ನೇಮಕಾತಿಯ ರೋಸ್ಟರ್ ನೋಡಿ. ಮಹಿಳೆಯರಿಗೆ ಶೇ. 33 ಸಮತಳ ಮೀಸಲಾತಿ. ಸಮತಳ ಅಂದ್ರೆ ಎಲ್ಲ ಪ್ರವರ್ಗಗಳ ಒಳಗೂ ಅಡ್ಡಲಾಗಿ ಹಾದುಹೋಗೋದು. ಪ.ಜಾ. ಒಳಗೆ ಮಹಿಳೆ, ಪ.ಪಂ. ಒಳಗೆ ಮಹಿಳೆ, 2ಎ ಒಳಗೆ ಮಹಿಳೆ, ಸಾಮಾನ್ಯದೊಳಗೂ ಮಹಿಳೆ. ಯಾವ ಬಿಂದು ಯಾರದು ಅಂತ ಬರೆದಿರುತ್ತೆ. ಅದರ ಜೊತೆಗೆ ಗ್ರಾಮೀಣ, ಕನ್ನಡ ಮಾಧ್ಯಮ, ಅಂಗವಿಕಲರು, ಮಾಜಿ ಸೈನಿಕರು. ಬಿಎ ಓದಿದ ಗುಮಾಸ್ತರು ಬಾಲ್‌ಪೆನ್ ಹಿಡ್ಕೊಂಡು ಈ ಲೆಕ್ಕ ಮಾಡ್ತೀವಿ. ಎಸ್‌ಡಿಎ ಹುದ್ದೆಗೆ ಗೊತ್ತಿರೋ ಗಣಿತ ಮಂಗಳಗ್ರಹಕ್ಕೆ ಉಪಗ್ರಹ ಕಳಿಸೋರಿಗೆ ಗೊತ್ತಿಲ್ವಾ?

ಗೊತ್ತಿದೆ. ಬೇಕಾಗಿಲ್ಲ, ಅಷ್ಟೇ. ಅದಕ್ಕೆ ಕಾಗದದಲ್ಲೇ ಸಾಕ್ಷಿ ಇದೆ. 1975ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಸಂಶೋಧನೆ ನಡೆಸುವ, ಸಂಶೋಧನೆಗೆ ಮಾರ್ಗದರ್ಶನ ಕೊಡುವ ವೈಜ್ಞಾನಿಕ ಮತ್ತು ತಾಂತ್ರಿಕ ಹುದ್ದೆಗಳಲ್ಲಿ ಗ್ರೂಪ್ ‘ಎ’ಯ ಮೊದಲ ಮೆಟ್ಟಿಲಿಗಿಂತ ಮೇಲಿನವಕ್ಕೆ ಎಸ್‌ಸಿ-ಎಸ್‌ಟಿ ಮೀಸಲಾತಿಯಿಂದ ವಿನಾಯಿತಿ ಕೊಡಬಹುದು ಅಂತ. ಮೆಟ್ಟಿಲು ಹತ್ತು, ಆದರೆ ಒಂದೇ ಮೆಟ್ಟಿಲು. ಆಮೇಲೆ 2019. ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಬೋಧಕ ಹುದ್ದೆಗಳಲ್ಲಿ ಮೀಸಲಾತಿ ಕಾಯ್ದೆ ಬಂತು, ನಾವೆಲ್ಲ ಖುಷಿಪಟ್ಟೆವು. ಅದರ ಕೊನೆಗಿರೋ ಅನುಸೂಚಿ ಓದಿದ್ದೀರಾ? ‘ಶ್ರೇಷ್ಠತೆಯ ಸಂಸ್ಥೆಗಳು, ಸಂಶೋಧನಾ ಸಂಸ್ಥೆಗಳು, ರಾಷ್ಟ್ರೀಯ ಮತ್ತು ವ್ಯೂಹಾತ್ಮಕ ಮಹತ್ವದ ಸಂಸ್ಥೆಗಳು’ ಅಂತ ಒಂದು ಪಟ್ಟಿ. ಅವಕ್ಕೆ ಈ ಕಾಯ್ದೆ ಅನ್ವಯಿಸಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ, ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆ ಮತ್ತು ಅದರ ಘಟಕಗಳು, ಮಾನೇಸರದ ಮಿದುಳು ಸಂಶೋಧನಾ ಕೇಂದ್ರ. ಮತ್ತೆ ನಮ್ಮ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ.

ಶ್ರೇಷ್ಠತೆ ಇದ್ದ ಕಡೆ ನೀವು ಬೇಡ ಅನ್ನೋ ಮಾತನ್ನ ನಮ್ಮಜ್ಜಂದಿರು ಬಾವಿ ಕಟ್ಟೆ ಹತ್ತಿರ ಕೇಳಿದ್ದರು. ನಾವು ಗೆಜೆಟ್‌ನಲ್ಲಿ ಓದ್ತಿದ್ದೀವಿ.

ಮೀಸಲಾತಿ ಅನ್ವಯಿಸೋ ಕಡೆ ಏನಾಗಿದೆ? ‘ನೇಚರ್’ ವಿಜ್ಞಾನ ಪತ್ರಿಕೆ 2023ರ ಜನವರಿಯಲ್ಲಿ ಮಾಹಿತಿ ಹಕ್ಕಿನಿಂದ ಪಡೆದ ಅಂಕಿಗಳನ್ನು ಪ್ರಕಟಿಸಿತು. ಹೆಸರುವಾಸಿಯಾದ ಐದು ಐಐಟಿಗಳ ಪೂರ್ಣ ಪ್ರೊಫೆಸರುಗಳಲ್ಲಿ ಶೇ. 98 ಜನ ಮೇಲ್ಜಾತಿಯವರು. ಉಳಿದ ಎರಡು ಪರ್ಸೆಂಟ್‌ನಲ್ಲಿ ದಲಿತರು, ಆದಿವಾಸಿಗಳು, ಹಿಂದುಳಿದವರು ಎಲ್ಲ ಸೇರಿ ಕೂತಿದ್ದಾರೆ. ಅದರೊಳಗೆ ಹೆಣ್ಣುಮಕ್ಕಳನ್ನ ಭೂತಗನ್ನಡಿ ಹಿಡಿದು ಹುಡುಕಬೇಕು.

ಇಷ್ಟು ಹೇಳಿದ ತಕ್ಷಣ ಬರೋ ಕಾಮೆಂಟು ನನಗೆ ಗೊತ್ತು. ‘ವಿಜ್ಞಾನಕ್ಕೆ ಜಾತಿ ಇಲ್ಲ ಮೇಡಂ, ಪ್ರತಿಭೆ ನೋಡ್ತಾರೆ.’ ಸರಿ, ಪ್ರತಿಭೆ ಬಗ್ಗೆಯೇ ಮಾತಾಡೋಣ. 2016ರಲ್ಲಿ ಐಐಟಿಗಳಿಗೆ ಬಿ.ಟೆಕ್ ಸೇರಿದವರಲ್ಲಿ ಹುಡುಗಿಯರು ಸುಮಾರು ಶೇ. 8 ಇದ್ದರು. ಇದು ನಾಚಿಕೆಗೇಡು ಅಂತ ಅವರಿಗೇ ಅನಿಸಿತು. 2018ರಿಂದ ಹುಡುಗಿಯರಿಗೆ ಅಂತಲೇ ಹೆಚ್ಚುವರಿ ಸೀಟು ಸೃಷ್ಟಿ ಮಾಡಿದರು. ಮೊದಲ ವರ್ಷ ಶೇ. 14, ಆಮೇಲೆ 17, 2020ಕ್ಕೆ 20ರ ಗುರಿ. ಹುಡುಗರ ಸೀಟು ಕಿತ್ತುಕೊಳ್ಳಲಿಲ್ಲ. ಐಐಟಿ ಕಟ್ಟಡ ಕುಸಿದು ಬೀಳಲಿಲ್ಲ. ಆ ಸೀಟುಗಳಲ್ಲಿ ಎಸ್‌ಸಿ ಹುಡುಗಿಯರದು, ಎಸ್‌ಟಿ ಹುಡುಗಿಯರದು ಅಂತ ಬೇರೆ ಬೇರೆ ಲೆಕ್ಕವೂ ಇದೆ. ಒಳ್ಳೇ ಕೆಲಸ, ಒಪ್ಕೋತೀನಿ. ಮನಸ್ಸು ಮಾಡಿದ್ರೆ ನಾಲ್ಕೇ ವರ್ಷದಲ್ಲಿ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗಾದ್ರೆ ಅದೇ ಲೆಕ್ಕ ಪಾಠ ಹೇಳೋ ಕುರ್ಚಿಗೆ ಯಾಕಿಲ್ಲ? ಲ್ಯಾಬಿನ ಮುಖ್ಯಸ್ಥರ ಕುರ್ಚಿಗೆ ಯಾಕಿಲ್ಲ?

ಸೇರಿದ ಮಕ್ಕಳಾದ್ರೂ ನೆಮ್ಮದಿಯಾಗಿದ್ದಾರಾ? 2023ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಸರ್ಕಾರವೇ ಕೊಟ್ಟ ಉತ್ತರ: ಐದು ವರ್ಷದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳಿಂದ ಓದು ಬಿಟ್ಟ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ಐಐಟಿಗಳಿಂದಲೇ 1,068 ಎಸ್‌ಸಿ ಮಕ್ಕಳು. ಅವರಲ್ಲಿ ಹುಡುಗಿಯರೆಷ್ಟು? ನಾನು ಓದಿದ ಯಾವ ಪತ್ರಿಕೆಯ ವರದಿಯಲ್ಲೂ ಆ ಸಂಖ್ಯೆ ಇರಲಿಲ್ಲ. ಮತ್ತದೇ ಕಾಲಂ ಕಥೆ.

ಇನ್ನೊಂದು ವಿಷಯ ನೆನಪಾಯ್ತು. 2014ರ ಸೆಪ್ಟೆಂಬರ್ 24, ಮಂಗಳಯಾನ ಗುರಿ ಮುಟ್ಟಿದ ದಿನ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದ ಹೆಣ್ಣುಮಕ್ಕಳು ನಗ್ತಾ ಒಬ್ಬರನ್ನೊಬ್ಬರು ಅಭಿನಂದಿಸೋ ಫೋಟೋ ಜಗತ್ತೆಲ್ಲ ಓಡಾಡಿತು, ‘ಭಾರತದ ಮಹಿಳಾ ವಿಜ್ಞಾನಿಗಳು’ ಅಂತ. ಆಮೇಲೆ ಇಸ್ರೋನೇ ಹೇಳಿತು, ಫೋಟೋದಲ್ಲಿರೋರು ಆಡಳಿತ ವಿಭಾಗದ ಸಿಬ್ಬಂದಿ, ವಿಜ್ಞಾನಿಗಳು ಬೇರೆ ಇದ್ದಾರೆ ಅಂತ. ಬೇರೆ ಇದ್ದರು, ನಿಜ. ರಿತು ಕರಿಧಾಲ್, ನಂದಿನಿ ಹರಿನಾಥ್ ಅಂಥವರು ದುಡಿದಿದ್ದಾರೆ. ಆದರೆ ಆ ಫೋಟೋ ನೋಡಿದಾಗೆಲ್ಲ ನನಗೊಂಥರಾ ಮಮತೆ. ಅವರು ನನ್ನ ಥರದವರು, ಫೈಲು ನೋಡೋರು. ನಾನು ಕೇಳೋದಿಷ್ಟೆ: ಜಗತ್ತಿಗೆ ತೋರಿಸೋ ಚಿತ್ರದಲ್ಲಿ ಹೆಣ್ಣು ಬೇಕು. ಯಾವ ಹೆಣ್ಣು, ಯಾವ ಮೇಜಿನವಳು, ಯಾವ ಕೇರಿಯವಳು ಅಂತ ಯಾರೂ ವಿಚಾರಿಸಬಾರದು. ದೊಡ್ಡ ಸಂಸ್ಥೆಗಳ ಕಾರಿಡಾರು ಬೆಳಗ್ಗೆ ಆರಕ್ಕೆ ಒರೆಸೋ ನಮ್ಮ ಅಕ್ಕಂದಿರನ್ನ ಮಾತ್ರ ಎಣಿಸೋದಕ್ಕೆ ಯಾರೂ ಮರೆಯಲ್ಲ. ಹೊರಗುತ್ತಿಗೆಯವನ ಹಾಜರಿ ಪುಸ್ತಕದಲ್ಲಿ ಅರ್ಧ ದಿನವೂ ತಪ್ಪದೆ ಲೆಕ್ಕ ಇರುತ್ತೆ.

ಈಗ ನಮ್ಮವರ ಕಡೆಗೂ ತಿರುಗ್ತೀನಿ, ಬೇಜಾರು ಮಾಡ್ಕೋಬೇಡಿ ಅಣ್ಣಂದಿರೇ. ಏಪ್ರಿಲ್ 14ಕ್ಕೆ ನಾವು ಪ್ರತಿಭಾ ಪುರಸ್ಕಾರ ಮಾಡ್ತೀವಿ. ವೇದಿಕೆ ಮೇಲೆ ಯಾರಿಗೆ ಶಾಲು ಹೊದಿಸ್ತೀವಿ? ಪಿಎಸ್‌ಐ ಆದವನಿಗೆ, ಕೆಎಎಸ್ ಪಾಸಾದವನಿಗೆ, ಪಿಡಿಒಗೆ. ಅಧಿಕಾರ ಬೇಕು, ಬೇಡ ಅನ್ನಲ್ಲ. ಆದರೆ ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ ಪಿಎಚ್.ಡಿ.ಗೆ ಸೇರಿದ ನಮ್ಮ ಹುಡುಗಿಯೊಬ್ಬಳ ಹೆಸರು ಕಳೆದ ಸಲ ನಾನು ಹೇಳಿದಾಗ ಸಮಿತಿಯ ಹಿರಿಯರೊಬ್ಬರು ಕೇಳಿದರು, ‘ಅದರಿಂದ ಕೆಲಸ ಏನ್ ಸಿಗುತ್ತಮ್ಮ? ಬಿ.ಎಡ್. ಮಾಡಿಸಿದ್ರೆ ಆಗ್ತಿತ್ತು.’ ತೊಂಬತ್ತು ವರ್ಷದ ಹಿಂದೆ ದಾಕ್ಷಾಯಣಿಗೆ ತೆರೆದಿದ್ದ ದಾರಿಯೂ ಅದೊಂದೇ, ಸ್ಕೂಲ್ ಟೀಚರ್. ನಮ್ಮ ಸಂಘಟನೆಗಳು ನಡೆಸೋ ಉಚಿತ ತರಬೇತಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ. ಪಿಯುಸಿ ಸೈನ್ಸ್ ಸೇರಿದ ಹುಡುಗಿಯರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ, ಆ ಇಂಗ್ಲಿಷಿನ ಹೊಸ್ತಿಲು ದಾಟೋವರೆಗೆ, ಸಂಜೆ ಎರಡು ಗಂಟೆ ಕೂತು ಪಾಠ ಹೇಳೋ ಒಂದು ಕೇಂದ್ರ ನಡೆಸಿದ್ದೀವಾ? ನಮ್ಮಲ್ಲೇ ಎಷ್ಟು ಜನ ಎಂಜಿನಿಯರುಗಳಿದ್ದೀರಿ, ಲೆಕ್ಚರರ್‌ಗಳಿದ್ದೀರಿ, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿಯೋರಿದ್ದೀರಿ. ಜಯಂತಿಯ ಡಿಜೆ ಖರ್ಚು ಒಂದೇ ವರ್ಷ ಉಳಿಸಿದ್ರೂ ತಾಲ್ಲೂಕಿಗೊಂದು ಶುರುಮಾಡಬಹುದು. ಮುಂದಿನ ತಿಂಗಳ ಸಭೆಯಲ್ಲಿ ಈ ವಿಷಯ ಇಡ್ತೀನಿ, ವಿರೋಧ ಮಾಡೋರು ಈಗಲೇ ತಯಾರಾಗಿ ಬನ್ನಿ.

ಅಲ್ಲಿವರೆಗೆ ಎಲ್ಲರೂ ಮಾಡಬಹುದಾದ ಒಂದು ಕೆಲಸ ಹೇಳ್ತೀನಿ. ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಕೇಂದ್ರದ ಸಂಸ್ಥೆಗಳಿಗೆ ಆನ್‌ಲೈನಲ್ಲೂ ಹಾಕಬಹುದು. ಬೆಂಗಳೂರಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ, ತಂತ್ರಜ್ಞಾನ ಸಂಸ್ಥೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು, ಒಬ್ಬೊಬ್ಬರು ಒಂದೊಂದು ಹಂಚಿಕೊಳ್ಳೋಣ. ಕೇಳಬೇಕಾದ್ದು ಒಂದೇ ತಃಖ್ತೆ. ಎಡಕ್ಕೆ ಹುದ್ದೆಯ ದರ್ಜೆ, ಮೇಲಿನಿಂದ ಕೆಳಗಿನವರೆಗೆ. ಮೇಲೆ ಪ್ರವರ್ಗ. ಪ್ರತಿ ಪ್ರವರ್ಗದ ಕೆಳಗೆ ಎರಡು ಕಾಲಂ, ಗಂಡು, ಹೆಣ್ಣು. ವಿಜ್ಞಾನಿ ಮತ್ತು ಬೋಧಕ ಹುದ್ದೆಗಳಿಗೆ ಒಂದು, ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಒಂದು. ‘ಮಹಿಳೆಯರ ಸಂಖ್ಯೆ ತಿಳಿಸಿ, ಪರಿಶಿಷ್ಟರ ಸಂಖ್ಯೆ ತಿಳಿಸಿ’ ಅಂತ ಬಿಡಿಬಿಡಿಯಾಗಿ ಮಾತ್ರ ಬರೀಬೇಡಿ, ಅವರಿಗೆ ಬೇಕಾಗಿರೋದೇ ಅದು.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಹುಶಃ ಏನು ಬರುತ್ತೆ ಅಂತಲೂ ಹೇಳಿಬಿಡ್ತೀನಿ, ಯಾಕಂದ್ರೆ ಇಂಥ ಪತ್ರಗಳನ್ನ ಟೈಪ್ ಮಾಡೋ ಕೆಲಸವೇ ನನ್ನದು: ‘ತಾವು ಕೋರಿರುವ ಮಾಹಿತಿಯು ಕ್ರೋಡೀಕೃತ ರೂಪದಲ್ಲಿ ಲಭ್ಯವಿರುವುದಿಲ್ಲ.’ ಆಗ ಕೈಚೆಲ್ಲಬೇಡಿ. ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಜೊತೆಗೆ ಇನ್ನೊಂದು ಅರ್ಜಿ ಹಾಕಿ, ರೋಸ್ಟರ್ ವಹಿಯನ್ನ ಖುದ್ದು ಪರಿಶೀಲನೆ ಮಾಡೋದಕ್ಕೆ ಅವಕಾಶ ಕೊಡಿ ಅಂತ. ದಾಖಲೆಗಳನ್ನ ಕಣ್ಣಾರೆ ನೋಡೋ ಹಕ್ಕು ಅದೇ ಕಾಯ್ದೆಯಲ್ಲಿದೆ. ವಹಿ ತೆರೆದು ಕೊಟ್ಟರೆ ಕ್ರೋಡೀಕರಣ ಮಾಡೋದು ನನಗೆ ಬಿಡಿ. ಶನಿವಾರ ರಜೆ ಹಾಕಿ ಬರ್ತೀನಿ, ಸ್ಕೇಲು, ಪೆನ್ನು ನಾನೇ ತರ್ತೀನಿ.

ಅರ್ಜಿಯ ನಮೂನೆ ಕನ್ನಡದಲ್ಲಿ, ಇಂಗ್ಲಿಷಲ್ಲಿ ಎರಡರಲ್ಲೂ ಟೈಪ್ ಮಾಡಿ ಇಟ್ಟಿದ್ದೀನಿ. ಬೇಕಾದವರು ಯಾವ ಸಂಸ್ಥೆಗೆ ಹಾಕ್ತೀರಿ ಅಂತ ಕೆಳಗೆ ಬರೆಯಿರಿ, ಕಳಿಸ್ತೀನಿ. ಜಕ್ಕೂರಿನದು ನನ್ನ ಪಾಲಿಗೆ.

ಜೈಭೀಮ್.